ಆಫ್‌ರೋಡ್ ಗಾಡಿ ಕೈಕೊಟ್ಟಾಗ: ಸ್ಪ್ಯಾನರ್ ಹಿಡಿಯುವ ಮೊದಲು ಏನು ನೋಡಬೇಕು

ಗಾಡಿ ಕೆಟ್ಟು ನಿಂತ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ "ಏನು ಹೋಯ್ತು?" ಅನ್ನುವುದು. ಅದಕ್ಕಿಂತ ಬೇಗ ದಾರಿ ತೋರಿಸುವ ಪ್ರಶ್ನೆ ಇನ್ನೊಂದಿದೆ: "ಯಾವಾಗ ಶುರುವಾಯ್ತು?" ನೀರು ದಾಟಿದ ಮೇಲಾ? ತಳ ಕಲ್ಲಿಗೆ ಬಡಿದ ಮೇಲಾ? ಏರು ಹತ್ತುವಾಗ ಮಾತ್ರವಾ, ತಿರುವಿನಲ್ಲಿ ಮಾತ್ರವಾ, ಎಂಜಿನ್ ಬಿಸಿಯಾದ ಮೇಲೆ ಮಾತ್ರವಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಒರಟು ದಾರಿಯಲ್ಲಿ ಓಡುವ ಗಾಡಿಗಳ ತೊಂದರೆ ಹೆಚ್ಚಾಗಿ ನೀರು, ಕೆಸರು, ಅಲುಗಾಟ ಈ ಮೂರರಿಂದ ಬರುತ್ತದೆ. ಗೇರ್‌ಬಾಕ್ಸ್ ಒಳಗೆ ಹಲ್ಲು ಮುರಿಯುವುದು ಅಪರೂಪ. ಕನೆಕ್ಟರ್ ಕಳಚಿಕೊಳ್ಳುವುದು, ಹೋಸ್ ಜಾರುವುದು, ಅರ್ಥ್ ವೈರಿನ ಬೋಲ್ಟ್ ಸಡಿಲವಾಗುವುದು ಜಾಸ್ತಿ. ಹಾಗಾಗಿ ಮೊದಲು ಕಣ್ಣು, ಕಿವಿ, ಮೂಗು. ಸ್ಪ್ಯಾನರ್ ಕೊನೆಗೆ.

ಇಲ್ಲಿ ಹೇಳುವುದು ಮುಖ್ಯವಾಗಿ ಚಾಸಿ ಮೇಲೆ ಬಾಡಿ ಕೂರಿಸಿದ, ಬೇಕಾದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವ ಡೀಸೆಲ್ ಗಾಡಿಯ ಬಗ್ಗೆ. ಪೆಟ್ರೋಲ್‌ಗೆ ಬೇರೆ ಲೆಕ್ಕ ಇರುವ ಕಡೆ ಅದನ್ನೂ ಹೇಳಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಬರೀ ಜ್ಯಾಕ್ ಮೇಲೆ ನಿಂತಿರುವ ಗಾಡಿಯ ಕೆಳಗೆ ತಲೆ ಹಾಕಬೇಡಿ. ಮೆತ್ತನೆ ಮಣ್ಣಿನಲ್ಲಿ ಜ್ಯಾಕ್ ಕೆಳಗೆ ಅಗಲವಾದ ಹಲಗೆ ಇಡಿ. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಾಸಿ ಕೆಳಗೆ ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಅಲ್ಲಿ ಮಾಡುವುದೇ ಬೇಡ.

ನೀರಿನಲ್ಲಿ ಎಂಜಿನ್ ನಿಂತರೆ

ಹಳ್ಳದ ನಡುವೆ ಎಂಜಿನ್ ದಡಕ್ ಅಂತ ನಿಂತರೆ ಕೀಲಿಯಿಂದ ಕೈ ತೆಗೆಯಿರಿ. ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ, ಎಂಜಿನ್ ಕೆಡಿಸುವುದೂ ಅದೇ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರ್ ಒಳಗೆ ನೀರು ಹೊಕ್ಕಿರುವಾಗ ಪಿಸ್ಟನ್ ಮೇಲೇರಿದರೆ ಬಗ್ಗುವುದು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಇನ್ನೂ ಕಡಿಮೆ. ಅಲ್ಲಿ ಸ್ವಲ್ಪ ನೀರೇ ಸಾಕು.

ಗಾಡಿಯನ್ನು ಎಳೆದು ದಡಕ್ಕೆ ತನ್ನಿ. ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಫಿಲ್ಟರ್ ಕಾಗದ ಒಣಗಿದೆಯಾ? ಅದರ ಆಚೆ ಎಂಜಿನ್ ಕಡೆಗೆ ಹೋಗುವ ಪೈಪಿನೊಳಗೆ ಬೆರಳಾಡಿಸಿ ನೋಡಿ. ಎರಡೂ ಒಣಗಿದ್ದು, ಆ ಪೈಪಿನ ಜೋಡಣೆಗಳೆಲ್ಲ ಭದ್ರವಾಗಿದ್ದರೆ ನೀರು ಒಳಗೆ ಹೋಗಿರುವ ಸಂಭವ ಕಡಿಮೆ. ಎಂಜಿನ್ ನಿಂತದ್ದು ಕರೆಂಟಿನ ತೊಂದರೆಯಿಂದ ಇರಬೇಕು. ಪೆಟ್ರೋಲ್ ಗಾಡಿಯಾದರೆ ಕಾಯಿಲ್, ಪ್ಲಗ್ ವೈರ್, ಹಳೆಯ ಗಾಡಿಯಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ಒದ್ದೆಯಾಗಿರುತ್ತದೆ. ಒರೆಸಿ ಒಣಗಿಸಿದರೆ ಮುಗಿಯಿತು.

ಫಿಲ್ಟರ್ ತೊಯ್ದಿದ್ದರೆ ಅವಸರ ಬೇಡ. ಡೀಸೆಲ್‌ನಲ್ಲಿ ಗ್ಲೋ ಪ್ಲಗ್‌ಗಳನ್ನು (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಬಿಸಿ ಕೊಡುವ ಪ್ಲಗ್), ಪೆಟ್ರೋಲ್‌ನಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನು ಎಲ್ಲ ಸಿಲಿಂಡರ್‌ನಿಂದಲೂ ಬಿಚ್ಚಿ. ಗ್ಲೋ ಪ್ಲಗ್ ಇಲ್ಲದ ಎಂಜಿನ್‌ಗೆ ಇಂಜೆಕ್ಟರ್ ತೆಗೆಯಬೇಕು, ಅದು ದಾರಿಬದಿಯ ಕೆಲಸವಲ್ಲ. ಎಳೆದುಕೊಂಡೇ ಹೋಗಿ. ಪ್ಲಗ್ ಬಿಚ್ಚಿದ ಮೇಲೆ ಎಂಜಿನ್‌ಗೆ ಇಂಧನ ಬರದಂತೆ ಫ್ಯೂಯಲ್ ಪಂಪಿನ ರಿಲೇ ಅಥವಾ ಸ್ಟಾಪ್ ಸೊಲೆನಾಯ್ಡ್ (ಇಂಧನ ಬಂದ್ ಮಾಡುವ ಕರೆಂಟಿನ ಕವಾಟ) ವೈರ್ ಕಿತ್ತಿಡಿ. ಪೆಟ್ರೋಲ್ ಆದರೆ ಕಾಯಿಲ್ ವೈರನ್ನೂ ಕಳಚಿ, ಕಿಡಿ ಹಾರಬಾರದು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೊದಲು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಆಮೇಲೆ ಸೆಲ್ಫ್. ಪ್ಲಗ್ ತೂತುಗಳಿಂದ ನೀರು ಪಿಚಕಾರಿಯಂತೆ ಚಿಮ್ಮುತ್ತದೆ, ಮುಖ ಅತ್ತ ಇಟ್ಟುಕೊಳ್ಳಬೇಡಿ. ಬರೀ ಗಾಳಿ ಬರುವ ತನಕ ಹೀಗೆ ಬಿಟ್ಟು ಬಿಟ್ಟು ತಿರುಗಿಸಿ.

ಈಗ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಬೆಳ್ಳಗೆ ಕದಡಿದ್ದರೆ, ಇಲ್ಲವೇ ಮಟ್ಟ ಮೊದಲಿಗಿಂತ ಮೇಲಿದ್ದರೆ ನೀರು ಎಂಜಿನ್ ತಳದ ಎಣ್ಣೆ ತೊಟ್ಟಿಗೂ (ಸಂಪ್) ಇಳಿದಿದೆ. ಆ ಎಣ್ಣೆಯಲ್ಲಿ ಎಂಜಿನ್ ಓಡಿಸಬೇಡಿ. ಎಣ್ಣೆ ಚೆನ್ನಾಗಿದ್ದರೆ ಪ್ಲಗ್ ಹಾಕಿ, ಒಣ ಫಿಲ್ಟರ್ ಕೂರಿಸಿ, ಸ್ಟಾರ್ಟ್ ಮಾಡಿ. ಕೆಲವೊಮ್ಮೆ ರಾಡ್ ಸ್ವಲ್ಪ ಬಗ್ಗಿದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ. ಒಂದು ಸಿಲಿಂಡರ್ ಸರಿಯಾಗಿ ಕೆಲಸ ಮಾಡದೆ ಎಂಜಿನ್ ಕುಂಟುತ್ತದೆ, ಹೊಗೆ ಬರುತ್ತದೆ, ಕಟಕಟ ಹೊಡೆತ ಕೇಳುತ್ತದೆ. ಹಾಗಾದರೆ ತಕ್ಷಣ ಆಫ್ ಮಾಡಿ. "ಮನೆ ತನಕ ಹೋಗಲಿ" ಅಂತ ಓಡಿಸಿದರೆ ರಾಡ್ ಬ್ಲಾಕ್ ತೂತು ಮಾಡಿಕೊಂಡು ಹೊರಗೆ ಬರಬಹುದು.

ಸೆಲ್ಫ್ ತಿರುಗುತ್ತಿಲ್ಲ

ಶಬ್ದ ಕೇಳಿಸಿಕೊಳ್ಳಿ. ಬೇಗ ಬೇಗ ಕಟಕಟಕಟ ಅಂದರೆ ಬ್ಯಾಟರಿ ಡೌನ್ ಅಥವಾ ಕನೆಕ್ಷನ್ ಸಡಿಲ. ಒಂದೇ ಒಂದು ಟಕ್ ಅಂದು ಸುಮ್ಮನಾದರೆ ಸೆಲ್ಫ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಸ್ಟಾರ್ಟರ್ ಸೊಲೆನಾಯ್ಡ್, ಎಳೆದಿದೆ, ಮೋಟಾರ್ ತಿರುಗುತ್ತಿಲ್ಲ. ಈ ಗಾಡಿ ಈಗಷ್ಟೇ ನೀರಿನಿಂದ ಬಂದಿದ್ದರೆ ಮೇಲಿನ ಭಾಗಕ್ಕೆ ವಾಪಸ್ ಹೋಗಿ, ಎಂಜಿನ್ನೇ ಲಾಕ್ ಆಗಿರಬಹುದು. ಏನೂ ಶಬ್ದವಿಲ್ಲ ಅಂದರೆ ಫ್ಯೂಸ್, ರಿಲೇ, ಕ್ಲಚ್ ಪೆಡಲ್ ಅಥವಾ ನ್ಯೂಟ್ರಲ್ ಸ್ವಿಚ್, ಕೀಲಿ ಸ್ವಿಚ್ ಹೀಗೆ ನೋಡುತ್ತ ಬನ್ನಿ.

ಮಲ್ಟಿಮೀಟರ್ ಇದ್ದರೆ ಊಹೆಯೇ ಬೇಡ. ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸು ಇರಬೇಕು. ಆಗಲೂ 12 ಚಿಲ್ಲರೆಯೇ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಕೆಸರಿನಲ್ಲಿ ಮುಳುಗಿ ಬಂದ ಆಲ್ಟರ್ನೇಟರ್‌ಗಳಲ್ಲಿ ಬ್ರಷ್ ಜಾಗಕ್ಕೆ ಮಣ್ಣು ತುಂಬಿ ಹೀಗಾಗುವುದು ಮಾಮೂಲು.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಸುಸ್ತಾಗಿ ತಿರುಗುತ್ತಿದ್ದರೆ ನನ್ನ ಅನುಮಾನ ಮೊದಲು ಅರ್ಥ್ ಮೇಲೆ. ಎಂಜಿನ್‌ನಿಂದ ಚಾಸಿಗೆ ಹೋಗುವ ಜಡೆಯಂಥ ತಂತಿ ಇರುತ್ತದಲ್ಲ, ಅದು ಕೆಸರು ನೀರಿಗೆ ಒಳಗೊಳಗೇ ಹಸಿರಾಗಿ ತಿಂದು ಹೋಗಿರುತ್ತದೆ. ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಪರೀಕ್ಷೆ ಹೀಗೆ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ. ಕಂಬಕ್ಕೆ, ಕ್ಲಾಂಪಿಗಲ್ಲ. ಇನ್ನೊಂದನ್ನು ಎಂಜಿನ್ ಬ್ಲಾಕ್‌ನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಮೀಟರ್ 0.2 ವೋಲ್ಟ್ ಒಳಗೇ ಇದ್ದರೆ ಅರ್ಥ್ ಸರಿಯಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಅಂತ ಏರಿದರೆ ಕಳ್ಳ ಸಿಕ್ಕ. ಮೀಟರ್ ಇಲ್ಲವಾ? ಜಂಪರ್ ಕೇಬಲ್ ತೆಗೆದು ನೆಗೆಟಿವ್ ಟರ್ಮಿನಲ್‌ನಿಂದ ಎಂಜಿನ್ ಬ್ರ್ಯಾಕೆಟ್‌ಗೆ ನೇರ ಹಾಕಿ. ಸೆಲ್ಫ್ ಚುರುಕಾಗಿ ತಿರುಗಿದರೆ ಅದೇ ಉತ್ತರ, ಮನೆ ತಲುಪಲೂ ಅದೇ ಉಪಾಯ.

ಓಡುತ್ತ ಓಡುತ್ತ ಬಂದ್ ಆಗುವುದು

ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಎಂಜಿನ್ ಸಾಯುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಮತ್ತೆ ಅದೇ ಕಥೆ. ಇದಕ್ಕೆ ಇಂಜೆಕ್ಟರ್, ಪಂಪ್ ಅಂತ ದುಬಾರಿ ಕಡೆ ಹೋಗುವ ಮೊದಲು ಟ್ಯಾಂಕ್ ಮುಚ್ಚಳ ತೆರೆಯಿರಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿನ ಗಾಳಿ ಕೊಳವೆ ಕೆಸರಿನಿಂದ ಮುಚ್ಚಿದೆ. ಎಣ್ಣೆ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಟ್ಯಾಂಕ್ ಎಣ್ಣೆಯನ್ನು ಹಿಡಿದಿಟ್ಟುಕೊಂಡಿದೆ ಅಷ್ಟೇ. ಸದ್ದು ಬರಲಿಲ್ಲ ಅಂದರೆ ಟ್ಯಾಂಕಿನೊಳಗಿನ ಜಾಲರಿ ನೋಡಿ. ಗುಂಡಿ ದಾರಿಯಲ್ಲಿ ಟ್ಯಾಂಕ್ ಕುಲುಕಿ ತಳದ ಗಸಿ ಮೇಲೇಳುತ್ತದೆ. ಪಂಪ್ ಎಳೆಯುವಾಗ ಜಾಲರಿಗೆ ಅಂಟಿಕೊಳ್ಳುತ್ತದೆ, ಎಂಜಿನ್ ನಿಂತಾಗ ಎಳೆತ ಬಿಟ್ಟು ಕೆಳಗೆ ಉದುರುತ್ತದೆ. ಅದಕ್ಕೇ ಹತ್ತು ನಿಮಿಷದ ವಿಶ್ರಾಂತಿಗೆ ಗಾಡಿ ಸರಿಯಾದಂತೆ ಕಾಣುವುದು.

ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟು ನೋಡಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವ ತನಕ ಬಿಡಿ. ಆಮೇಲೆ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪನ್ನು ಗಟ್ಟಿಯಾಗುವ ತನಕ ಒತ್ತಿ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಏರ್ ಎಳೆಯುತ್ತಿದೆ. ಟ್ಯಾಂಕ್‌ನಿಂದ ಪಂಪ್ ತನಕದ ಪೈಪ್‌ನಲ್ಲಿ ಹೊರಗೆ ಎಣ್ಣೆ ಸೋರದೆಯೂ ಒಳಗೆ ಗಾಳಿ ಹೋಗಬಹುದು. ಕ್ಲಿಪ್‌ಗಳನ್ನು ಒಂದೊಂದಾಗಿ ಬಿಗಿ ಮಾಡಿ.

ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗೆ ಇಂಜೆಕ್ಟರ್ ಪೈಪ್ ನಟ್ ಸಡಿಲಿಸಿ ಏರ್ ತೆಗೆಯುವ ರೂಢಿ ಇದೆ. ಕಾಮನ್ ರೈಲ್ ಎಂಜಿನ್‌ಗೆ (ಎಲ್ಲ ಇಂಜೆಕ್ಟರ್‌ಗೂ ಒಂದೇ ಭಾರೀ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವಂಥದ್ದು) ಅದನ್ನು ಮಾಡಲೇಬೇಡಿ. ಆ ಪೈಪಿನೊಳಗೆ 1,600 ಬಾರ್, ಕೆಲವು ಎಂಜಿನ್‌ಗಳಲ್ಲಿ ಅದಕ್ಕೂ ಜಾಸ್ತಿ ಒತ್ತಡ ಇರುತ್ತದೆ. ಆ ಸಣ್ಣ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಕಡಿಮೆ ಇದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಎಂಜಿನ್ ನಿಲ್ಲುವುದಿಲ್ಲ, ಆದರೆ ಶಕ್ತಿಯೇ ಇಲ್ಲ, ಕಪ್ಪು ಹೊಗೆ ಉಗುಳುತ್ತಿದೆ ಅಂದರೆ ಗಾಳಿ ಸಾಲುತ್ತಿಲ್ಲ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ಹೋಸ್‌ಗಳಲ್ಲಿ ಒಂದು ಜಾರಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ ಕೆಳಗೆ ಸೊಯ್ ಅನ್ನುವ ಸದ್ದು ಬಂದರೆ ಬೇರೆ ಸಾಕ್ಷಿ ಬೇಡ.

ಹೀಟ್ ಆಗುವುದು

ಇಲ್ಲೂ "ಯಾವಾಗ" ಅನ್ನುವುದೇ ಮುಖ್ಯ. ನಿಧಾನವಾಗಿ ಲೋ ಗೇರ್‌ನಲ್ಲಿ ತೆವಳುವಾಗ ಹೀಟ್ ಮೀಟರಿನ ಮುಳ್ಳು ಏರಿ, ಬಯಲಿಗೆ ಬಂದು ವೇಗ ಹಿಡಿದ ಮೇಲೆ ಇಳಿದರೆ ಗಾಳಿಯ ತೊಂದರೆ. ನಿಧಾನಕ್ಕೆ ಹೋಗುವಾಗ ಪೂರ್ತಿ ಕೆಲಸ ಫ್ಯಾನಿನದೇ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಬಿಗಿಹಿಡಿದು ತಿರುಗುವ ಫ್ಯಾನ್) ಬಿಸಿಯಲ್ಲೂ ಸಡಿಲವಾಗಿ ತಿರುಗುತ್ತಿದೆಯಾ, ಎಲೆಕ್ಟ್ರಿಕ್ ಫ್ಯಾನ್ ಆನ್ ಆಗುತ್ತಿದೆಯಾ, ಬೆಲ್ಟ್ ಜಾರುತ್ತಿದೆಯಾ ನೋಡಿ. ವೇಗದಲ್ಲಿ ಹೋಗುವಾಗಲೇ ಏರಿದರೆ ನೀರು ಸರಿಯಾಗಿ ಹರಿಯುತ್ತಿಲ್ಲ. ಥರ್ಮೋಸ್ಟಾಟ್, ವಾಟರ್ ಪಂಪ್, ಒಳಗೆ ಕಟ್ಟಿಕೊಂಡ ರೇಡಿಯೇಟರ್, ಇಷ್ಟರಲ್ಲಿ ಒಂದು.

ಕೆಸರಿನ ಸವಾರಿ ಮುಗಿಸಿದ ಗಾಡಿ ಹೀಟ್ ಆದರೆ ರೇಡಿಯೇಟರ್ ಮುಂದಿನ ಮುಖ ತೊಳೆದು ಸುಮ್ನೆ ಸಮಾಧಾನ ಪಟ್ಟುಕೊಳ್ಳಬೇಡಿ. ಮುಂದೆ ಕಾಣುವುದು ಎಸಿ ಕಂಡೆನ್ಸರ್. ಅದರ ಹಿಂದೆ ರೇಡಿಯೇಟರ್. ನಡುವಿನ ಬೆರಳಗಲದ ಸಂದಿಯಲ್ಲಿ ಹುಲ್ಲಿನ ಬೀಜ, ಒಣಗಿದ ಮಣ್ಣು ಹೆಂಟೆಯಾಗಿ ಕೂತಿರುತ್ತದೆ. ಟಾರ್ಚ್ ಬಿಟ್ಟು ನೋಡಿ, ಆಚೆ ಕಡೆ ಬೆಳಕು ಕಾಣಬೇಕು. ತೊಳೆಯುವುದು ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಲಗಿಬಿಡುತ್ತವೆ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಸುಟ್ಟುಕೊಳ್ಳುವವರು ಇದ್ದೇ ಇರುತ್ತಾರೆ. ಮೇಲಿನ ಹೋಸ್ ಕೈಯಲ್ಲಿ ಸಲೀಸಾಗಿ ಅದುಮುವಷ್ಟು ತಣ್ಣಗಾಗುವ ತನಕ ಕಾಯಿರಿ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಆ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಹೋಸ್ ಹರಿದಿದ್ದರೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪ್ ಎಳೆದು ಬಿಗಿಯಾಗಿ ಸುತ್ತಿ, ಮುಚ್ಚಳವನ್ನು ಸ್ವಲ್ಪ ಸಡಿಲ ಬಿಟ್ಟು ನಿಧಾನವಾಗಿ ಹೊರಡಿ. ಒತ್ತಡ ಕಟ್ಟದಿದ್ದರೆ ಟೇಪ್ ತಡೆಯುತ್ತದೆ. ನೀರು ಮಾತ್ರ ಬೇಗ ಕುದಿಯುತ್ತದೆ, ಆಗಾಗ ನಿಂತು ತಣ್ಣಗಾದ ಮೇಲೆ ತುಂಬಬೇಕು.

ಫೋರ್ ವೀಲ್ ಬೀಳುತ್ತಿಲ್ಲ

ಮೊದಲು ಅದು ನಿಜವಾಗಿ ಕೆಟ್ಟಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಕೆಸರಿನಲ್ಲಿ ಮುಂದೆ ಒಂದು, ಹಿಂದೆ ಒಂದು ಚಕ್ರ ಮಾತ್ರ ಸುತ್ತುತ್ತಿದ್ದರೆ ಫೋರ್ ವೀಲ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಲಾಕ್ ಇಲ್ಲದಿದ್ದರೆ ಅದು ಹಿಡಿತವಿಲ್ಲದ ಚಕ್ರವನ್ನು ಸುತ್ತಿಸಿಬಿಡುತ್ತದೆ, ಹಿಡಿತ ಇರುವುದು ಸುಮ್ಮನೆ ನಿಂತಿರುತ್ತದೆ. ಇದನ್ನೇ ದೋಷ ಅಂದುಕೊಂಡು ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಬಿಚ್ಚಿಸಿದವರು ಇದ್ದಾರೆ.

ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ನೆಲದ ಮೇಲೇ ಇರಲಿ, ಮುಂದೆ ಹಿಂದೆ ಅಡ್ಡಗಲ್ಲು ಗಟ್ಟಿಯಾಗಿ ಕೊಡಿ. 4ಎಚ್ (ಫೋರ್ ವೀಲ್ ಹೈ) ಹಾಕಿ ಎಂಜಿನ್ ಆಫ್ ಮಾಡಿ, ಗೇರ್‌ನಲ್ಲಿ ಬಿಡಿ. ಹಬ್ ಕೈಯಿಂದ ಲಾಕ್ ಮಾಡುವ ಗಾಡಿಯಾದರೆ ಲಾಕ್ ಮಾಡಿ. ಈಗ ಕೆಳಗೆ ಬಗ್ಗಿ ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗುತ್ತಲೇ ಹೋದರೆ ಟ್ರಾನ್ಸ್‌ಫರ್ ಕೇಸ್ ಫೋರ್ ವೀಲ್‌ಗೆ ಬಿದ್ದಿಲ್ಲ. ಸ್ವಲ್ಪ ಅಲುಗಿ ನಿಂತರೆ ಅದು ಸರಿಯಿದೆ, ತೊಂದರೆ ಇದ್ದರೆ ಅದರಿಂದ ಮುಂದೆ. ಆಗ ಒಂದು ಚಕ್ರ ತಿರುಗಿಸಿ. ಇನ್ನೊಂದು ಕಡೆಯ ಚಕ್ರ ಉಲ್ಟಾ ದಿಕ್ಕಿಗೆ ತಿರುಗಿದರೆ ಎಲ್ಲವೂ ಸರಿ. ಒಂದು ತಿರುಗಿ ಇನ್ನೊಂದು ಅಲ್ಲಾಡದಿದ್ದರೆ ಯಾವುದೋ ಒಂದು ಹಬ್ ಅಥವಾ ಆಕ್ಸಲ್ ಜೋಡಣೆ ಸೇರಿಕೊಂಡಿಲ್ಲ. ಇಷ್ಟಕ್ಕೆ ಸ್ಪ್ಯಾನರೇ ಬೇಕಾಗಲಿಲ್ಲ, ಅಲ್ವಾ?

ಟ್ರಾನ್ಸ್‌ಫರ್ ಕೇಸ್ ಕಡೆ ಅಂತ ಗೊತ್ತಾದರೆ, ಬಟನ್‌ನಿಂದ ಹಾಕುವ ಗಾಡಿಯಲ್ಲಿ ಫ್ಯೂಸ್ ನೋಡಿ, ಶಿಫ್ಟ್ ಮೋಟಾರಿನ ಕನೆಕ್ಟರ್ ಬಿಚ್ಚಿ ಒಳಗೆ ನೀರು, ಹಸಿರು ತುಕ್ಕು ಇದೆಯಾ ನೋಡಿ. ಸ್ವಿಚ್ ಒತ್ತಿದಾಗ ಮೋಟಾರ್ ಗುಯ್ ಅನ್ನಬೇಕು. ಲಿವರ್ ಇರುವ ಗಾಡಿಯಲ್ಲಿ ಲಿವರಿನ ಕಡ್ಡಿಗಳ ಸಂದಿಗೆ ಕಲ್ಲು, ಒಣಗಿದ ಮಣ್ಣು ಸಿಕ್ಕಿಕೊಂಡು ಪೂರ್ತಿ ಬೀಳದೆ ಇರಬಹುದು. ಮುಂದಿನ ಆಕ್ಸಲ್ ಕಡೆ ಆದರೆ, ವ್ಯಾಕ್ಯೂಮ್‌ನಿಂದ ಸೇರುವ ಗಾಡಿಗಳಲ್ಲಿ ಬೆರಳಿಗಿಂತ ತೆಳು ರಬ್ಬರ್ ಪೈಪ್ ಒಂದು ಪೊದೆಗೆ ಸಿಕ್ಕಿ ಕಿತ್ತಿರುತ್ತದೆ. ಬ್ರೇಕ್ ಪೆಡಲ್ಲೂ ಗಟ್ಟಿಯಾಗಿದ್ದರೆ ವ್ಯಾಕ್ಯೂಮ್ ಪಂಪ್ ಅಥವಾ ಅದರ ಮುಖ್ಯ ಪೈಪನ್ನೇ ನೋಡಿ.

4ಎಲ್ (ಫೋರ್ ವೀಲ್ ಲೋ) ಬೀಳುತ್ತಿಲ್ಲ ಅನ್ನುವ ದೂರಿಗೆ ಬಹಳ ಸಲ ಉತ್ತರ ಸರಳ: ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಹಾಕಬೇಕು. ಹಾಕಿದ್ದು ವಾಪಸ್ ಬರುತ್ತಿಲ್ಲ ಅಂದರೆ ಗಟ್ಟಿ ರಸ್ತೆಯಲ್ಲಿ ಓಡಿಸಿ ಮುಂದಿನ ಹಿಂದಿನ ಶಾಫ್ಟ್‌ಗಳ ನಡುವೆ ತಿರುಚು ಕಟ್ಟಿದೆ. ಲಿವರ್ ಮೇಲೆ ಬಲ ಹಾಕಬೇಡಿ. ಕೆಲವು ಮೀಟರ್ ನೇರ ಹಿಂದಕ್ಕೆ ಹೋಗಿ, ತಾನೇ ಸಡಿಲವಾಗುತ್ತದೆ.

ಶಬ್ದ ಮತ್ತು ನಡುಕ

ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಟಿಕ್ ಟಿಕ್ ಅಂದರೆ ಹೊರಗಿನ ಸಿವಿ ಜಾಯಿಂಟ್ (ಮುಂದಿನ ಚಕ್ರ ತಿರುವಿದಾಗಲೂ ಶಕ್ತಿ ಸಾಗಿಸುವ ಕೀಲು). ಅದರ ರಬ್ಬರ್ ಬೂಟ್ ಹರಿದು, ಗ್ರೀಸ್ ಚಕ್ರದ ಒಳಮುಖಕ್ಕೆ ಸಿಡಿದಿರುತ್ತದೆ. ಕ್ಲಚ್ ಬಿಡುವಾಗ, ಮುಂದೆ ಹಿಂದೆ ಮಾಡುವಾಗ ಟಣ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ಸವೆದಿದೆ. ಇಲಿ ಕೂಗಿದಂಥ ಕಿಚಕಿಚ ವೇಗದ ಜೊತೆ ಏರಿದರೂ ಅದೇ ಕ್ರಾಸ್, ಗ್ರೀಸ್ ಒಣಗಿದೆ. ವೇಗದ ಜೊತೆ ಏರುವ ಗುಂಯ್ ಸದ್ದು ಎಡಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ, ಯಾಕೆಂದರೆ ತೂಕ ಆ ಕಡೆ ಬೀಳುತ್ತದೆ.

ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ತುದಿ. ಗಟ್ಟಿ ಆಕ್ಸಲ್ ಮುಂದಿರುವ ಗಾಡಿಯಲ್ಲಿ ಒಂದು ಗುಂಡಿ ಹಾರಿದ ಕೂಡಲೇ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಷ್ಟು ನಡುಗಿ, ನಿಧಾನ ಮಾಡಿದರೆ ಮಾತ್ರ ನಿಂತರೆ ಪ್ಯಾನ್‌ಹಾರ್ಡ್ ರಾಡಿನ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಕಟ್ಟುವ ರಾಡ್) ಬೋಲ್ಟ್ ಮತ್ತು ಬುಷ್ ಮೊದಲು ನೋಡಿ. ಒಬ್ಬರು ನಿಂತ ಗಾಡಿಯ ಸ್ಟೇರಿಂಗ್ ಎಡ ಬಲ ಅಲ್ಲಾಡಿಸಲಿ, ನೀವು ಬೋಲ್ಟಿನ ತಲೆ ಮೇಲೆ ಬೆರಳಿಟ್ಟು ಕೂರಿ. ಒಳಗೆ ಟಕ್ ಅಂದರೆ ಬೆರಳಿಗೆ ತಿಳಿಯುತ್ತದೆ. ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ನಡುಕ ಮರೆಯಾಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಬ್ರೇಕ್ ಕಡೆ ಕರ್ರೋ ಅಂತ ಕೊರೆಯುವ ಸದ್ದು ಬಂದರೆ ಪ್ಯಾಡ್ ಹೋಯಿತು ಅನ್ನುವ ಮೊದಲು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿದೆಯಾ ನೋಡಿ. ಉದ್ದ ಇಳಿಜಾರಿನಲ್ಲಿ ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಬ್ರೇಕ್ ಆಯಿಲ್ ಕುದಿದಿದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಅಂಕಿ 155ಕ್ಕೆ ಇಳಿಯಬಹುದು. ನಿಂತು ತಣ್ಣಗಾಗಲು ಬಿಡಿ, ಮುಂದೆ ಲೋ ಗೇರ್‌ನಲ್ಲಿ ಇಳಿಯಿರಿ, ವಾಪಸಾದ ಮೇಲೆ ಆಯಿಲ್ ಬದಲಿಸಿ.

ನೀರು ದಾಟಿ ಬಂದ ಮೇಲೆ

ಯಾವ ಸದ್ದೂ ಇಲ್ಲದೆ ನಡೆಯುವ ಹಾನಿ ಇದು. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲ್ ಮೇಲಿನ ಗಾಳಿ ಕಂಡಿ, ಅಂದರೆ ಬ್ರೀದರ್, ಮಣ್ಣಿನಿಂದ ಮುಚ್ಚಿದ್ದರೆ ಆ ಎಳೆತಕ್ಕೆ ಸೀಲ್ ಅಂಚಿನಿಂದ ನೀರು ಒಳಗೆ ನುಗ್ಗುತ್ತದೆ. ಬ್ರೀದರ್ ತೆರೆದಿದ್ದು ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ನುಗ್ಗುತ್ತದೆ.

ಗಾಡಿ ಒಂದು ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಲಿ. ಎಣ್ಣೆಗಿಂತ ನೀರು ಭಾರ, ಹಾಗಾಗಿ ಕೆಳಗೆ ಇಳಿದಿರುತ್ತದೆ. ಆಮೇಲೆ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಅದು ತುಕ್ಕು ಹಿಡಿದು ಬಿಚ್ಚದಿದ್ದರೆ ಕೆಳಗಿನದನ್ನು ಮುಟ್ಟಲೇಬೇಡಿ, ಎಣ್ಣೆ ಖಾಲಿ ಮಾಡಿಕೊಂಡು ತುಂಬಲಾಗದೆ ಕೂರಬೇಕಾಗುತ್ತದೆ. ಅದು ಬಿಚ್ಚಿದ ಮೇಲೆ ಡ್ರೈನ್ ಪ್ಲಗ್ಗನ್ನು ಎರಡು ಸುತ್ತು ಸಡಿಲಿಸಿ, ಮೊದಲು ಜಿನುಗುವುದನ್ನು ಬಿಳಿ ಬಟ್ಟೆ ಮೇಲೆ ಹಿಡಿಯಿರಿ. ನೀರ ಹನಿ ಬಂದರೆ ಅಥವಾ ಎಣ್ಣೆ ಬೆಳ್ಳಗೆ ನೊರೆಗಟ್ಟಿದ್ದರೆ ಪೂರ್ತಿ ಬಿಟ್ಟು ಹೊಸದು ತುಂಬಿ. ಮೂಲೆಗಳಲ್ಲಿ ಉಳಿದ ತೇವ ಹೊಸ ಎಣ್ಣೆಗೂ ಸೇರುತ್ತದೆ. ಅದಕ್ಕೆ ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಬದಲಿಸಿ. ಬ್ರೀದರ್ ಊದಿ ತೆರವು ಮಾಡಿ, ಅದಕ್ಕೊಂದು ಉದ್ದ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ತಂದು ಕಟ್ಟಿ.